ಸಿ9 ಕಾರ್ಡಿನಲ್ಲಿ ಸಿ ಎಲ್ಲಿ ಹೋಯಿತು?

ಪ್ರಶ್ನೆ: ಆರು ತಿಂಗಳಿಂದ ಯುಕುಲೇಲೆ (ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ) ಕಲಿಯುತ್ತಿದ್ದೇನೆ. ಎಲ್ಲರೂ ಇಟ್ಟುಕೊಳ್ಳುವ ಜಿ-ಸಿ-ಇ-ಎ ಶ್ರುತಿಯೇ ನನ್ನದೂ. ಸಿ, ಎಫ್, ಎ ಮೈನರ್, ಜಿ7, ಸಿ7, ಎ7 ಕಾರ್ಡುಗಳು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು) ಎಲ್ಲ ಬರುತ್ತವೆ. ಈಗ ಕಲಿಯುತ್ತಿರುವ ಹಾಡಿನ ಹಾಳೆಯಲ್ಲಿ ಸಿ9 ಎಂದಿದೆ, ಅದರ ಕೆಳಗೆ 0201, ಅಂದರೆ ಜಿ, ಸಿ, ಇ, ಎ ತಂತಿಗಳಲ್ಲಿ ಕ್ರಮವಾಗಿ ಒತ್ತಬೇಕಾದ ಫ್ರೆಟ್ (ಕತ್ತಿನ ಮೇಲಿನ ಮನೆ) ಸಂಖ್ಯೆ, 0 ಅಂದರೆ ಖಾಲಿ ತಂತಿ. ಅದಾದ ಮೇಲೆ ಎಫ್ ಬರುತ್ತದೆ. ನುಡಿಸಿದರೆ ನಡುವಿನ ಒಂದು ತಂತಿ ಮೊದ್ದಾಗಿ ‘ಟಪ್’ ಎನ್ನುತ್ತದೆ. ಇನ್ನೂ ದೊಡ್ಡ ಗೊಂದಲ ಅಂದರೆ, ನೈನ್ತ್ ಕಾರ್ಡಿಗೆ ಐದು ಸ್ವರ ಬೇಕಂತೆ, ಇರುವುದು ನಾಲ್ಕೇ ತಂತಿ. ಒಂದೊಂದೇ ಸ್ವರ ಹುಡುಕಿ ನೋಡಿದೆ. 0201ರಲ್ಲಿ ಸಿ ಸ್ವರವೇ ಇಲ್ಲ! ಹಾಳೆಯಲ್ಲಿ ತಪ್ಪಾಗಿದೆಯಾ? ಸುಮ್ನೆ ಸಿ7 ನುಡಿಸಿಕೊಂಡು ಹೋದರೆ ಸಾಲದಾ?

ಉತ್ತರ: ಹಾಳೆಯಲ್ಲಿ ತಪ್ಪಿಲ್ಲ. ನಿಮ್ಮ ಲೆಕ್ಕವೂ ತಪ್ಪಿಲ್ಲ. 0201ರಲ್ಲಿ ಸಿ ನಿಜವಾಗಿಯೂ ಇಲ್ಲ. ಒಂದೊಂದೇ ಸ್ವರ ಹುಡುಕಿ ನೋಡಿದ್ದೀರಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಹೆಚ್ಚಿನವರು ಚುಕ್ಕಿ ಇರುವ ಕಡೆ ಬೆರಳಿಟ್ಟು ಮುಂದೆ ಹೋಗಿಬಿಡುತ್ತಾರೆ. ನಿಮ್ಮ ಈ ಅನುಮಾನವನ್ನು ಸರಿಯಾಗಿ ಬಿಡಿಸಿಕೊಂಡರೆ ಸಿ9 ಒಂದೇ ಅಲ್ಲ, ಯುಕುಲೇಲೆಯ ಎಲ್ಲ ನೈನ್ತ್ ಕಾರ್ಡುಗಳೂ ಒಟ್ಟಿಗೆ ಕೈಗೆ ಸಿಗುತ್ತವೆ.

ಮೊದಲು ಹೆಸರಿನ ವಿಷಯ. ಸಿ ಸ್ವರವನ್ನು ಸ ಎಂದು ಇಟ್ಟುಕೊಳ್ಳಿ. ಸ ರಿ ಗ ಮ ಪ ದ ನಿ, ಏಳಾಯಿತು. ಎಂಟನೆಯದು ಮೇಲಿನ ಸ, ಒಂಬತ್ತನೆಯದು ಮೇಲಿನ ರಿ. ಕಾರ್ಡ್ ಕಟ್ಟುವಾಗ ಒಂದು ಸ್ವರ ಬಿಟ್ಟು ಒಂದು ತೆಗೆದುಕೊಳ್ಳುತ್ತೇವೆ. ಸ, ಗ, ಪ ಸೇರಿದರೆ ಸಿ ಮೇಜರ್. ಅದಕ್ಕೆ ಅರ್ಧ ಸ್ವರ ಇಳಿಸಿದ ನಿ ಸೇರಿಸಿದರೆ ಸಿ7. ಅದರ ಮೇಲೆ ಇನ್ನೊಂದು ಹೆಜ್ಜೆ ಹೋಗಿ ಮೇಲಿನ ರಿ ಸೇರಿಸಿದರೆ ಸಿ9. ಇಂಗ್ಲಿಷ್ ಹೆಸರಿನಲ್ಲಿ ಹೇಳುವುದಾದರೆ ಸಿ, ಇ, ಜಿ, ಬಿ ಫ್ಲ್ಯಾಟ್, ಡಿ. ಒಟ್ಟು ಐದು ಸ್ವರ.

ನಾಲ್ಕು ತಂತಿಯಲ್ಲಿ ಐದು ಸ್ವರ ಹಿಡಿಸುವುದಿಲ್ಲ. ಒಂದನ್ನು ಬಿಡಲೇಬೇಕು. ಯಾವುದನ್ನು? ಇ ಬಿಟ್ಟರೆ ಕಾರ್ಡ್ ಮೇಜರೋ ಮೈನರೋ ಎಂದು ಗೊತ್ತಾಗುವುದಿಲ್ಲ. ಬಿ ಫ್ಲ್ಯಾಟ್ ಬಿಟ್ಟರೆ ಮುಂದಿನ ಕಾರ್ಡಿನ ಕಡೆಗೆ ಎಳೆಯುವ ಗುಣ ಹೋಗುತ್ತದೆ. ಡಿ ಬಿಟ್ಟರೆ ಅದು ನೈನ್ತೇ ಅಲ್ಲ. ಉಳಿದದ್ದು ಸಿ ಮತ್ತು ಜಿ. ಜಿ ಬಿಡುವುದು ಸುಲಭ. ಅದು ಕಾರ್ಡಿನ ಬಣ್ಣವನ್ನು ಅಷ್ಟಾಗಿ ಬದಲಿಸುವುದಿಲ್ಲ, ಸಿ ತಂತಿ ಮೀಟಿದಾಗ ಅದರೊಳಗೇ ಮೇಲಿನ ಜಿ ಸಣ್ಣಗೆ ಮೊಳಗುತ್ತಲೂ ಇರುತ್ತದೆ. ಗಿಟಾರಿನಲ್ಲಿ ಜಿ ಬಿಟ್ಟು ಸಿ9 ಹಿಡಿಯುವ ರೂಢಿ ಇದೆ. ಯುಕುಲೇಲೆಯಲ್ಲಿ ಮಾತ್ರ ಬೇರೆ ತೊಡಕಿದೆ. ಜಿ ತಂತಿ ಏನೂ ಒತ್ತದೆ ಪುಕ್ಕಟೆಯಾಗಿ ಸಿಗುತ್ತದೆ. ಡಿ ಬೇಕೆಂದರೆ ಕೈಗೆ ಹತ್ತಿರ ಇರುವ ಜಾಗ ಸಿ ತಂತಿಯ ಎರಡನೇ ಫ್ರೆಟ್. ಒಂದು ತಂತಿಯಿಂದ ಒಂದು ಸಲಕ್ಕೆ ಒಂದೇ ಸ್ವರ ಬರುತ್ತದೆ, ಅಲ್ವಾ? ಡಿ ಬಂದು ಕೂತಾಗ ಸಿ ಎದ್ದು ಹೋಯಿತು.

ಹಾಗಾದರೆ ಅದನ್ನು ಸಿ9 ಎಂದು ಕರೆಯುವುದು ಹೇಗೆ? ಕಿವಿಯೇ ಸಿ ಸೇರಿಸಿಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. ಏನೂ ಒತ್ತದೆ ಸಿ ತಂತಿ ಮೀಟಿ, ಅದೇ ಸ್ವರವನ್ನು ಬಾಯಿ ಮುಚ್ಚಿ ಗುನುಗಿ. ಗುನುಗುವುದನ್ನು ನಿಲ್ಲಿಸದೆ 0201 ಸ್ಟ್ರಮ್ ಮಾಡಿ, ಅಂದರೆ ನಾಲ್ಕೂ ತಂತಿ ಒಟ್ಟಿಗೆ ಮೀಟಿ. ಕಾರ್ಡ್ ಒಮ್ಮೆಲೇ ತುಂಬಿಕೊಳ್ಳುತ್ತದೆ. ಈಗ ಸಿ ಬಿಟ್ಟು ಜಿ ಗುನುಗಿ, ಮತ್ತೆ ಅದೇ 0201 ನುಡಿಸಿ. ಬೆರಳು ಕದಲಲಿಲ್ಲ, ಆದರೂ ಬೇರೆಯೇ ಕಾರ್ಡ್ ಕೇಳಿಸುತ್ತದೆ, ಸ್ವಲ್ಪ ದುಃಖದ್ದು. ಅದು ಜಿ ಮೈನರ್ 6. ಎರಡಕ್ಕೂ ಸ್ವರಗಳು ಅವೇ ನಾಲ್ಕು: ಜಿ, ಡಿ, ಇ, ಬಿ ಫ್ಲ್ಯಾಟ್. ಕೆಳಗೆ ಯಾವ ಸ್ವರ ನಿಂತಿದೆ, ಹಿಂದೆ ಯಾವ ಕಾರ್ಡ್ ಬಂದಿತ್ತು, ಮುಂದೆ ಯಾವುದು ಬರುತ್ತದೆ ಎಂಬುದರ ಮೇಲೆ ಹೆಸರು ನಿಲ್ಲುತ್ತದೆ. ಕಾರ್ಡ್ ಪಟ್ಟಿಗಳಲ್ಲಿ ಒಂದೇ ಚಿತ್ರ ಎರಡು ಹೆಸರಿನಲ್ಲಿ ಕಂಡರೆ ಗಾಬರಿ ಆಗಬೇಡಿ. ಎರಡೂ ಸರಿ ಇರುತ್ತವೆ.

ತಗ್ಗಿನ ಸ್ವರಗಳ ಬೇಸ್ ಗಿಟಾರ್ ನುಡಿಸುವವರು ಜೊತೆಗಿದ್ದರೆ ಈ ಚಿಂತೆಯೇ ಇಲ್ಲ, ಸಿ ಅವರ ಪಾಲಿನ ಕೆಲಸ. 1950ರ ದಶಕದಲ್ಲಿ ಯುಕುಲೇಲೆಯಲ್ಲಿ ಜಾಝ್ ರೆಕಾರ್ಡ್ ಮಾಡಿದ ಲೈಲ್ ರಿಟ್ಜ್ ಅವರನ್ನು ಕೇಳಿ ನೋಡಿ. ನಾಲ್ಕು ತಂತಿಯಲ್ಲಿ ಎಷ್ಟು ಬಣ್ಣದ ಕಾರ್ಡುಗಳು ಬರುತ್ತವೆ ಎಂದು ತಿಳಿಯುತ್ತದೆ. ಅವರು ಮುಂದೆ ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಬೇಸ್ ವಾದಕರಾಗಿಯೇ ಹೆಸರಾದರು. ಒಬ್ಬರೇ ಕೂತು ಹಾಡಿಕೊಂಡು ನುಡಿಸುವಾಗ ನಿಮ್ಮ ದನಿ ಮತ್ತು ಹಿಂದಿನ ಕಾರ್ಡಿನ ನೆನಪು ಆ ಕೆಲಸ ಮಾಡುತ್ತವೆ.

ಇಷ್ಟು ಹೇಳಿದರೂ ‘ನನಗೆ ಸಿ ಬೇಕೇ ಬೇಕು’ ಅನ್ನಿಸಿದರೆ ಅದಕ್ಕೂ ದಾರಿ ಇದೆ: 3005. ಜಿ ತಂತಿಯ ಮೂರನೇ ಫ್ರೆಟ್‌ನಲ್ಲಿ ತೋರುಬೆರಳು, ಎ ತಂತಿಯ ಐದನೇ ಫ್ರೆಟ್‌ನಲ್ಲಿ ಉಂಗುರದ ಬೆರಳು, ನಡುವಿನ ಎರಡು ತಂತಿ ಖಾಲಿ. ಇದರಲ್ಲಿ ಬಿ ಫ್ಲ್ಯಾಟ್, ಸಿ, ಇ, ಡಿ ನಾಲ್ಕೂ ಇವೆ, ಜಿ ಮಾತ್ರ ಇಲ್ಲ. ಕೆಳಗಿನ ಸಿಯಿಂದ ಎಣಿಸಿದರೆ ಇಲ್ಲಿನ ಡಿ ಸರಿಯಾಗಿ ಒಂಬತ್ತನೆಯ ಸ್ವರ. 0201ರಲ್ಲಿ ಹಾಗಲ್ಲ. ಅಲ್ಲಿ ಡಿ ಎಲ್ಲಕ್ಕಿಂತ ತಗ್ಗಿನ ಸ್ವರವಾಗಿ, ಇ ಪಕ್ಕದಲ್ಲೇ ಒತ್ತಿಕೊಂಡು ಕೂರುತ್ತದೆ. ನಾಲ್ಕನೇ ಜಿ ತಂತಿ ಎತ್ತರದ ಶ್ರುತಿಯಲ್ಲಿರುವುದರಿಂದ ಯುಕುಲೇಲೆಯ ಹೆಚ್ಚಿನ ಕಾರ್ಡುಗಳು ಹೀಗೆ ಇಕ್ಕಟ್ಟಾಗಿಯೇ ಇರುತ್ತವೆ. ಈ ವಾದ್ಯದ ಸಿಹಿ ಇರುವುದೂ ಅಲ್ಲೇ ಎಂದು ನಾನು ನಂಬುತ್ತೇನೆ. 3005 ಚೆಂದ, ಆದರೆ ಅಲ್ಲಿಗೆ ಹಾರಿ ಎಫ್‌ಗೆ ವಾಪಸ್ ಬರುವುದು ಕಷ್ಟ. ನಿಧಾನ ಹಾಡಿನಲ್ಲಿ ಒಂದು ಕಡೆ ನಿಂತು ಮೀಟಲು ಇಟ್ಟುಕೊಳ್ಳಿ. ದಿನದ ಬಳಕೆಗೆ 0201.

ಈಗ ಆ ‘ಟಪ್’ ಸದ್ದು. ನಡುವಿನ ತಂತಿ ಅಂದಿರಿ, ಅದು ಇ ತಂತಿಯೇ ಇರಬೇಕು. 0201ರಲ್ಲಿ ಇ ತಂತಿ ಎರಡು ಬೆರಳುಗಳ ನಡುವೆ ಸಿಕ್ಕಿಕೊಂಡಿದೆ. ಒಂದು ಪಕ್ಕ ಸಿ ತಂತಿಯ ಎರಡನೇ ಫ್ರೆಟ್‌ನಲ್ಲಿ ನಡುಬೆರಳು, ಇನ್ನೊಂದು ಪಕ್ಕ ಎ ತಂತಿಯ ಒಂದನೇ ಫ್ರೆಟ್‌ನಲ್ಲಿ ತೋರುಬೆರಳು. ಯಾವ ಬೆರಳು ಮಲಗಿದರೂ ಇ ತಂತಿಗೆ ತಾಗುತ್ತದೆ. ಯಾವುದು ಕಳ್ಳ ಎಂದು ಹಿಡಿಯಲು ಹೀಗೆ ಮಾಡಿ. ತೋರುಬೆರಳು ಎತ್ತಿ ಇ ತಂತಿ ಮೀಟಿ. ಸ್ಪಷ್ಟವಾಗಿ ಬಂದರೆ ತಪ್ಪು ತೋರುಬೆರಳಿನದು. ಆಗಲೂ ಮೊದ್ದಾಗಿದ್ದರೆ ನಡುಬೆರಳಿನದು. ನಾನು ಕಂಡಂತೆ ಹತ್ತರಲ್ಲಿ ಎಂಟು ಸಲ ನಡುಬೆರಳೇ ಮಲಗಿರುತ್ತದೆ, ಯಾಕೆಂದರೆ ಅದು ದೂರದ ತಂತಿಗೆ ಚಾಚಬೇಕು.

ಮದ್ದು ಬೆರಳಿನಲ್ಲಿಲ್ಲ, ಮಣಿಕಟ್ಟಿನಲ್ಲಿದೆ. ಕತ್ತಿನ ಹಿಂದಿರುವ ಹೆಬ್ಬೆರಳನ್ನು ಸ್ವಲ್ಪ ಕೆಳಗೆ ಜಾರಿಸಿ. ಮಣಿಕಟ್ಟು ತಾನಾಗಿ ಮುಂದಕ್ಕೆ ಬರುತ್ತದೆ, ಅಂಗೈಗೂ ವಾದ್ಯದ ಕತ್ತಿಗೂ ನಡುವೆ ಜಾಗ ಬಿಡುತ್ತದೆ. ಆಗ ಎರಡೂ ಬೆರಳು ಕಮಾನಿನಂತೆ ಬಾಗಿ ತುದಿಯ ಮೇಲೆ ನಿಲ್ಲುತ್ತವೆ. ಉಗುರು ಉದ್ದ ಇದ್ದರೆ ತುದಿಯ ಮೇಲೆ ನಿಲ್ಲಲು ಬಿಡುವುದಿಲ್ಲ, ಕತ್ತರಿಸಿಕೊಳ್ಳಿ. ಬೆರಳು ಫ್ರೆಟ್ ಪಟ್ಟಿಗೆ ಒತ್ತಿಕೊಂಡೇ ಇರಲಿ, ಆದರೆ ಅದರ ಮೇಲೆ ಬೇಡ, ಅದಕ್ಕಿಂತ ಚೂರು ಹಿಂದೆ. ಜಾಸ್ತಿ ಬಲ ಹಾಕಬೇಡಿ. ಬಲ ಹಾಕಿದಷ್ಟೂ ಬೆರಳು ಚಪ್ಪಟೆಯಾಗಿ ಪಕ್ಕದ ತಂತಿಗೆ ತಾಗುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ನಿಮ್ಮ ಹಾಡಿನಲ್ಲಿ ಸಿ9 ಆದ ಮೇಲೆ ಎಫ್ ಬರುತ್ತದೆ ಎಂದಿರಿ. ಎಫ್ ಅಂದರೆ 2010. ನಡುಬೆರಳು ಜಿ ತಂತಿಯ ಎರಡನೇ ಫ್ರೆಟ್, ತೋರುಬೆರಳು ಇ ತಂತಿಯ ಒಂದನೇ ಫ್ರೆಟ್. ಸಿ9 ಹಿಡಿದುಕೊಂಡು ಇದನ್ನು ಮತ್ತೊಮ್ಮೆ ಓದಿ. ಬೆರಳುಗಳು ಅವೇ. ಫ್ರೆಟ್‌ಗಳೂ ಅವೇ. ಎರಡೂ ಬೆರಳು ಒಂದೊಂದು ತಂತಿ ನಿಮ್ಮ ಗಲ್ಲದ ಕಡೆಗೆ ಸರಿದರೆ ಎಫ್ ಆಗುತ್ತದೆ, ಅಷ್ಟೇ! ಅಂದರೆ ಸಿ9ರ ಆಕಾರ ನಿಮಗೆ ಮೊದಲೇ ಗೊತ್ತಿತ್ತು. ಮೊದಲ ವಾರ ಕಲಿತ ಎಫ್ ಕಾರ್ಡನ್ನೇ ಒಂದು ತಂತಿ ನೆಲದ ಕಡೆಗೆ ಸರಿಸಿದ್ದೀರಿ. ಇದನ್ನು ಹೇಳಿದ ಕೂಡಲೇ ಕಲಿಯುವವರ ಮುಖ ಬೆಳಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದು ಬರೀ ಬೆರಳಿನ ಅನುಕೂಲ ಅಲ್ಲ. ಸ್ವರಗಳನ್ನು ನೋಡಿ. ಜಿ ತಂತಿಯಲ್ಲಿ ಜಿ ಏರಿ ಎ ಆಗುತ್ತದೆ. ಸಿ ತಂತಿಯಲ್ಲಿ ಡಿ ಇಳಿದು ಸಿ ಆಗುತ್ತದೆ. ಇ ತಂತಿಯಲ್ಲಿ ಇ ಅರ್ಧ ಸ್ವರ ಏರಿ ಎಫ್ ಆಗುತ್ತದೆ. ಎ ತಂತಿಯಲ್ಲಿ ಬಿ ಫ್ಲ್ಯಾಟ್ ಅರ್ಧ ಸ್ವರ ಇಳಿದು ಎ ಆಗುತ್ತದೆ. ನಾಲ್ಕು ತಂತಿಯೂ ಒಂದೊಂದು ಸಣ್ಣ ಹೆಜ್ಜೆ ಇಡುತ್ತವೆ. ಯಾವುದೂ ಹಾರುವುದಿಲ್ಲ, ಯಾವುದೂ ಸುಮ್ಮನೆ ನಿಲ್ಲುವುದಿಲ್ಲ. ಸಿ7 ನುಡಿಸಿದ್ದರೆ ಸಿ ತಂತಿ ಇದ್ದಲ್ಲೇ ಇರುತ್ತಿತ್ತು. ಸಿ9ರಲ್ಲಿ ಅದೂ ಡಿಯಿಂದ ಸಿಗೆ ಇಳಿಯುತ್ತದೆ. ಆ ಇಳಿತ ಕೇಳಲು ಸಿ ತಂತಿಯೊಂದನ್ನೇ ಮೀಟುತ್ತಾ ಕಾರ್ಡ್ ಬದಲಿಸಿ. ಆಮೇಲೆ ಪೂರ್ತಿ ಸ್ಟ್ರಮ್ ಮಾಡಿ, ಅದೇ ಇಳಿತವನ್ನು ಒಳಗೆ ಹುಡುಕಿ. ಒಮ್ಮೆ ಕಿವಿಗೆ ಸಿಕ್ಕರೆ ಬೆರಳನ್ನು ನೋಡದೆಯೇ ಕಾರ್ಡ್ ಬದಲಾಗುತ್ತದೆ. ಕಾರ್ಡನ್ನು ಒಂಟಿಯಾಗಿ ನೂರು ಸಲ ಹಿಡಿದು ಬಿಡುವುದಕ್ಕಿಂತ, ಅದು ಹೋಗಿ ಸೇರುವ ಕಾರ್ಡಿನ ಜೊತೆ ಹತ್ತು ಸಲ ಹಿಡಿಯುವುದು ಮೇಲು.

ಇದಕ್ಕೆ ಮುಂಚೆ ಜಿ ಮೈನರ್7 ಸೇರಿಸಿದರೆ ಇನ್ನೂ ಚೆಂದ. ಅದು 0211. ನಡುಬೆರಳು ಸಿ ತಂತಿಯ ಎರಡರಲ್ಲಿ, ತೋರುಬೆರಳು ಇ ಮತ್ತು ಎ ಎರಡೂ ತಂತಿಯ ಮೇಲೆ ಒಂದನೇ ಫ್ರೆಟ್‌ನಲ್ಲಿ ಮಲಗಿರುತ್ತದೆ. ಮಲಗಿದ ತೋರುಬೆರಳನ್ನು ಎಬ್ಬಿಸಿ ತುದಿಯ ಮೇಲೆ ನಿಲ್ಲಿಸಿ, ಇ ತಂತಿ ಬಿಡುಗಡೆಯಾಗಿ ಸಿ9 ಬರುತ್ತದೆ. ಆಮೇಲೆ ಎರಡೂ ಬೆರಳು ಒಂದು ತಂತಿ ಸರಿದರೆ ಎಫ್. 0211, 0201, 2010. ಜಾಝ್ ಹಾಡುಗಳಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುವ ಎರಡು-ಐದು-ಒಂದು ಎಂಬ ಓಟ ಇದೇ (ಎಫ್ ಅನ್ನು ಒಂದು ಎಂದು ಎಣಿಸಿದರೆ ಜಿ ಎರಡು, ಸಿ ಐದು). ನಿಮ್ಮ ‘ಟಪ್’ ತೊಂದರೆಗೂ ಇದೇ ಒಳ್ಳೆಯ ಅಭ್ಯಾಸ, ಯಾಕೆಂದರೆ ಬೆರಳು ಮಲಗುವುದಕ್ಕೂ ನಿಲ್ಲುವುದಕ್ಕೂ ಇರುವ ಭೇದ ಕೈಗೆ ತಾನೇ ಗೊತ್ತಾಗುತ್ತದೆ. ತಾಳ ಹಿಡಿಯುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಂಡು ನಾಲ್ಕು ನಾಲ್ಕು ಎಣಿಕೆಗೆ ಒಂದೊಂದು ಕಾರ್ಡ್ ನುಡಿಸಿ. ಸದ್ದು ಸ್ಪಷ್ಟವಾಗುವವರೆಗೆ ವೇಗ ಏರಿಸಬೇಡಿ.

ಉಳಿದ ನೈನ್ತ್ ಕಾರ್ಡುಗಳಿಗೆ ಹೊಸ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಸಿ7 ಹೇಗೆ ಸಿ9 ಆಯಿತು ಎಂದು ನೋಡಿ. 0001ರಲ್ಲಿ ಸಿ ಇದ್ದ ತಂತಿ ಎರಡು ಫ್ರೆಟ್ ಮೇಲೇರಿ 0201 ಆಯಿತು. ಇದೇ ಸೂತ್ರ. ಯಾವ ಸೆವೆಂತ್ ಕಾರ್ಡ್ ಆದರೂ ಅದರ ಹೆಸರಿನ ಸ್ವರ ಯಾವ ತಂತಿಯಲ್ಲಿದೆ ಎಂದು ಹುಡುಕಿ, ಅದನ್ನು ಎರಡು ಫ್ರೆಟ್ ಏರಿಸಿ. ಎ7 ಅಂದರೆ 0100, ಎ ಸ್ವರ ಖಾಲಿ ಎ ತಂತಿಯಲ್ಲಿದೆ, ಏರಿಸಿದರೆ 0102. ಎಲ್ಲಕ್ಕಿಂತ ಸುಲಭವಾದ ನೈನ್ತ್ ಇದೇ, ನಾಳೆ ಇದನ್ನು ಕಲಿಯಿರಿ. ಇ7 1202 ಆದರೆ ಇ9 1222. ಡಿ7 2223 ಆದರೆ ಡಿ9 2423. ಜಿ7 0212 ಆದರೆ ಜಿ9 2212, ಇದಕ್ಕೆ ನಾಲ್ಕು ಬೆರಳೂ ಬೇಕು, ಚಿಕ್ಕ ಗಾತ್ರದ ಸೊಪ್ರಾನೊ ಯುಕುಲೇಲೆಯಲ್ಲಿ ಜಾಗ ಸಾಲದೆ ಒದ್ದಾಟವಾಗುತ್ತದೆ. ತಾಳ್ಮೆ ಇರಲಿ.

ಎಫ್9 ಬಗ್ಗೆ ಬೇರೆಯಾಗಿ ಹೇಳಬೇಕು. ಎಫ್7 ಅನ್ನು 2313 ಎಂದು ಹಿಡಿದರೆ ಸೂತ್ರದ ಪ್ರಕಾರ 2333 ಬರುತ್ತದೆ. ಆದರೆ ಎಫ್7ಗೆ 2310 ಎಂಬ ಸುಲಭದ ಹಿಡಿತವೂ ಇದೆ. ಅದರಲ್ಲಿ ಎ ಸ್ವರ ಎರಡು ಸಲ ಬರುತ್ತದೆ, ಜಿ ತಂತಿಯ ಎರಡನೇ ಫ್ರೆಟ್‌ನಲ್ಲಿ ಒಮ್ಮೆ, ಖಾಲಿ ಎ ತಂತಿಯಲ್ಲಿ ಇನ್ನೊಮ್ಮೆ. ಎರಡೂ ಒಂದೇ ಎತ್ತರದ ಸ್ವರ. ಹಾಗಾಗಿ ಒಂದನ್ನು ಬಿಟ್ಟರೆ ಏನೂ ನಷ್ಟವಿಲ್ಲ. ಜಿ ತಂತಿಯ ಬೆರಳು ಎತ್ತಿಬಿಡಿ: 0310. ಎಫ್ ಕೂಡ ಉಳಿಯಿತು, ಒಂಬತ್ತನೆಯ ಸ್ವರವಾದ ಜಿ ಕೂಡ ಬಂತು. ಬೆರಳು ಇಡುವ ಬದಲು ಎತ್ತಿದರೆ ಸಿಗುವ ನೈನ್ತ್ ಇದು. ಸೂತ್ರ ಗೊತ್ತಿರಲಿ, ಆದರೆ ಎರಡು ಸಲ ಬಂದಿರುವ ಸ್ವರ ಯಾವುದು ಎಂದು ಮೊದಲು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಡಿ9ರ 2423 ಹಿಡಿತದಲ್ಲಿ ಖಾಲಿ ತಂತಿ ಇಲ್ಲ. ತೋರುಬೆರಳಿನ ಬಾರೆ (ಒಂದೇ ಬೆರಳು ಎಲ್ಲ ತಂತಿಗಳ ಮೇಲೆ ಮಲಗಿ ಒತ್ತುವುದು), ಎ ತಂತಿಯಲ್ಲಿ ನಡುಬೆರಳು, ಸಿ ತಂತಿಯಲ್ಲಿ ಉಂಗುರದ ಬೆರಳು. ಇದನ್ನು ಹಾಗೇ ಎರಡು ಫ್ರೆಟ್ ಮೇಲೆ ಸರಿಸಿದರೆ ಇ9. ಒಂದು ಫ್ರೆಟ್ ಕೆಳಗಿನಿಂದ ಜಾರಿಸಿಕೊಂಡು ಬಂದು ನಿಲ್ಲಿಸಿದರೆ ಫಂಕ್ ಸಂಗೀತದ ರುಚಿ ಬರುತ್ತದೆ. ಜೇಮ್ಸ್ ಬ್ರೌನ್ ಅವರ ತಂಡದ ಗಿಟಾರ್ ವಾದಕ ಜಿಮ್ಮಿ ನೋಲನ್ ನೈನ್ತ್ ಕಾರ್ಡನ್ನು ಚಿಕ್ಕ ಚಿಕ್ಕ ಹೊಡೆತಗಳಲ್ಲಿ ನುಡಿಸಿ ಒಂದು ಶೈಲಿಯನ್ನೇ ಕಟ್ಟಿದರು. ಯುಕುಲೇಲೆಯ ಸದ್ದು ಬೇಗ ಆರುವುದರಿಂದ ಅಂಥ ಹೊಡೆತ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಬಾರೆ ಗಟ್ಟಿಯಾಗುವವರೆಗೆ ಇದಕ್ಕೆ ಅವಸರ ಬೇಡ.

ನೀವು ಕೇಳಲಿಲ್ಲ, ಆದರೆ ಮುಂದೆ ಖಂಡಿತ ಎದುರಾಗುವ ಗೊಂದಲ ಒಂದಿದೆ. ಹಾಳೆಗಳಲ್ಲಿ ಸಿ9, ಸಿ ಆಡ್9, ಸಿ ಮೇಜರ್9 ಎಂದು ಮೂರು ಬಗೆ ಬರೆದಿರುತ್ತಾರೆ. ಮೂರೂ ಬೇರೆ ಬೇರೆ. ಸಿ ಮೇಜರಿಗೆ ಡಿ ಮಾತ್ರ ಸೇರಿಸಿದರೆ ಆಡ್9, ಅದರಲ್ಲಿ ನಿ ಇಲ್ಲ. ಇಳಿಸದ ನಿ ಜೊತೆ ಡಿ ಸೇರಿದರೆ ಮೇಜರ್9. ಇಳಿಸಿದ ನಿ ಜೊತೆ ಸೇರಿದರೆ ಬರೀ 9. ಇದನ್ನು ಓದಿ ನೆನಪಿಡುವುದಕ್ಕಿಂತ ನುಡಿಸಿ ನೆನಪಿಡಿ. ನಡುಬೆರಳನ್ನು ಸಿ ತಂತಿಯ ಎರಡನೇ ಫ್ರೆಟ್‌ನಲ್ಲಿ ಊರಿ, ಅಲ್ಲಿಂದ ಕದಲಿಸಬೇಡಿ. ಉಂಗುರದ ಬೆರಳನ್ನು ಎ ತಂತಿಯ ಮೂರರಲ್ಲಿ ಇಟ್ಟರೆ 0203, ಸಿ ಆಡ್9. ಅದೇ ಬೆರಳು ಎರಡಕ್ಕೆ ಜಾರಿದರೆ 0202, ಸಿ ಮೇಜರ್9, ಇದೇ ಹಿಡಿತಕ್ಕೆ ಇ ಮೈನರ್7 ಎಂಬ ಹೆಸರೂ ಇದೆ. ತೋರುಬೆರಳು ಒಂದಕ್ಕೆ ಬಂದರೆ 0201, ನಮ್ಮ ಸಿ9. ಬೆರಳು ಎತ್ತಿದರೆ 0200, ಇದನ್ನು ಸಿ 6/9 ಎನ್ನುತ್ತಾರೆ. ಎ ತಂತಿಯಲ್ಲಿ ಸಿ, ಬಿ, ಬಿ ಫ್ಲ್ಯಾಟ್, ಎ ಒಂದೊಂದಾಗಿ ಇಳಿಯುವುದು ಕೇಳಿಸುತ್ತದೆ. ಆಡ್9 ತಿಳಿ ಬೆಳಕಿನ ಹಾಗೆ ಇರುತ್ತದೆ. ಮೇಜರ್9 ಮೆತ್ತಗೆ, ಕನಸಿನ ಹಾಗೆ. 9ಕ್ಕೆ ಬಂದ ಕೂಡಲೇ ಎಲ್ಲಿಗೋ ಹೊರಡುವ ತವಕ ಹುಟ್ಟುತ್ತದೆ. ಆ ತವಕ ಇ ಮತ್ತು ಬಿ ಫ್ಲ್ಯಾಟ್ ಒಟ್ಟಿಗೆ ಸೇರಿದ್ದರಿಂದ ಬಂದದ್ದು. ಹಾಗಾಗಿ ಸಿ9 ಬರೆದಿರುವ ಕಡೆ ಆಡ್9 ನುಡಿಸಿದರೆ ಹಾಡು ಅಲ್ಲೇ ಕೂತುಬಿಡುತ್ತದೆ.

ಕೊನೆಗೆ, ಸಿ7 ಸಾಲದಾ ಎಂಬ ಪ್ರಶ್ನೆ. ಕೈ ತೊಡರಿ ಹಾಡೇ ನಿಂತುಹೋಗುವುದಾದರೆ ಸಿ7 ನುಡಿಸಿ ಮುಂದೆ ಹೋಗಿ, ತಪ್ಪೇನಿಲ್ಲ. ಎಳೆಯುವ ಗುಣ ಎರಡರಲ್ಲೂ ಒಂದೇ. ಆದರೆ ಹಾಡಿನ ರಾಗ ಆ ಜಾಗದಲ್ಲಿ ಡಿ ಮೇಲೆ ನಿಂತಿದ್ದರೆ ಸಿ9 ಬಿಡಬೇಡಿ. ದನಿಗೂ ವಾದ್ಯಕ್ಕೂ ಆಗ ಒಂದೇ ಸ್ವರ ಸಿಗುತ್ತದೆ. ತಿರುಗಿಸಿ ಕೇಳಿದರೆ, ಸಿ7 ಬರೆದಿರುವ ಕಡೆಯೆಲ್ಲ ಸಿ9 ಹಾಕಬಹುದಾ? ಮುಂದೆ ಎಫ್ ಮೇಜರ್ ಬರುವುದಾದರೆ ಹೆಚ್ಚಿನ ಕಡೆ ಹಾಕಬಹುದು. ಎಫ್ ಮೈನರ್ ಬರುವುದಾದರೆ ಜೋಪಾನ. ಎಫ್ ಮೈನರ್ ಹಾಡಿನಲ್ಲಿ ಡಿ ಬದಲು ಡಿ ಫ್ಲ್ಯಾಟ್ ಇರುತ್ತದೆ, ಅಲ್ಲಿ ಸಿ9ರ ಡಿ ಹೊರಗಿನವರ ಹಾಗೆ ಕೇಳಿಸುತ್ತದೆ. ಅಂಥ ಕಡೆ ಸಿ7 ಸಾಕು, ಇಲ್ಲವೇ ಡಿಯನ್ನು ಒಂದು ಫ್ರೆಟ್ ಇಳಿಸಿ 0101 ನುಡಿಸಿ. ಅದು ಸಿ7 ಫ್ಲ್ಯಾಟ್9.

ಮಧ್ಯದ ದಾರಿಯೂ ಒಂದಿದೆ, ನಿಮ್ಮ ಹಾಡಿಗೆ ಇವತ್ತೇ ಹಾಕಿ ನೋಡಿ. ತೋರುಬೆರಳಿನಲ್ಲಿ ಸಿ7 ಹಿಡಿದು ಸ್ಟ್ರಮ್ ಮಾಡಿ. ಸದ್ದು ಆರುವ ಮೊದಲು ನಡುಬೆರಳನ್ನು ಸಿ ತಂತಿಯ ಎರಡನೇ ಫ್ರೆಟ್ ಮೇಲೆ ಸುತ್ತಿಗೆಯ ಹಾಗೆ ಟಕ್ಕನೆ ಇಳಿಸಿ, ಬಲಗೈ ಮತ್ತೆ ಮೀಟುವುದು ಬೇಡ. ಸಿ ಮೊಳಗಿ, ಅದೇ ಉಸಿರಿನಲ್ಲಿ ಡಿ ಆಗುತ್ತದೆ. ಮುಂದಿನ ಎಣಿಕೆಗೆ ಎರಡೂ ಬೆರಳು ಗಲ್ಲದ ಕಡೆಗೆ ಒಂದು ತಂತಿ ಸರಿದು ಎಫ್ ಸೇರಲಿ. ಆಗ ಸಿ ಎಲ್ಲಿ ಹೋಯಿತು ಎಂದು ಹುಡುಕುವ ಕೆಲಸವೇ ಇರುವುದಿಲ್ಲ. ಅದು ಈಗಷ್ಟೇ ನಿಮ್ಮ ಕಿವಿಯ ಮೇಲೆ ಬಿದ್ದಿರುತ್ತದೆ.